ಮೈದುನ, ಮೈನಾ ಮತ್ತು ಮ್ಯಾಗ್ನೆಟ್ಟು

ನನ್ನ ಮೈದುನನ ಪ್ರಕಾರ ಈ ಜಗತ್ತಿನಲ್ಲಿರುವುದು ಎರಡೇ ಜಾತಿ: ಮ್ಯಾಗ್ನೆಟ್ಟಿಗೆ ಅಂಟುವುದು, ಅಂಟದಿರುವುದು! ಖಾನಾಪುರದ ಈ ನಿವೃತ್ತ ಸೈನ್ಸ್ ಮಾಸ್ತರ, ಮದುವೆಯಾಗದ ಮಹಾನುಭಾವ, ಕರ್ಚೀಫ್ ಮರೆತಾನು, ಜೇಬಿನ ಮ್ಯಾಗ್ನೆಟ್ ಮರೆಯಲಾರ. ಪಾತ್ರೆ ಅಂಗಡಿಗೆ ಕರೆದೊಯ್ದರೆ ಒಂದೊಂದು ಸ್ಟೀಲ್ ಡಬ್ಬಿಗೂ ಮುಟ್ಟಿಸುತ್ತಾನೆ. ಅಂಟಿದರೆ ಕಳಪೆ ಮಾಲಂತೆ; ಅದನ್ನು ಎತ್ತಿ ಹಿಡಿದು ಉಳಿದ ಗಿರಾಕಿಗಳಿಗೂ ತೋರಿಸುತ್ತಾನೆ. ಅಂಗಡಿಯವನ ಮುಖ ನೋಡಬೇಕು, ಮೈ ಗಾಡ್!

ಒಮ್ಮೆ ನಾನು ಮೊಣಕಾಲು ನೋವಿಗೆಂದು ಮ್ಯಾಗ್ನೆಟ್ ಬಳೆ ತೊಟ್ಟು ಅವನ ಮನೆಗೆ ಹೋಗಿದ್ದೆ. ಅತ್ತಿಗೆಯೆಂಬ ಮುಲಾಜೂ ಇಲ್ಲದೆ ಕೇಳಿದ:

"ವೈನಿ, ನೋವು ಮೊಣಕಾಲಾಗ, ಬಳಿ ಕೈಯಾಗ. ನಡುವ ಬಸ್ ಓಡತೈತೇನ್ರಿ?"

ಕಾನ್ವೆಂಟಿನ ಸಿಸ್ಟರುಗಳೂ ನನ್ನ ಬಾಯಿ ಹೀಗೆ ಮುಚ್ಚಿಸಿರಲಿಲ್ಲ!

ಇಂಥವನ ಮುದ್ದಿನ ಆಕಳು ಮೈನಾ ಈಚೆಗೆ ಮೇವು ಬಿಟ್ಟಳು. ಸುದ್ದಿ ತಿಳಿದು ನಾನು ಮಹಾಂತೇಶ ನಗರದ ನನ್ನ ಮನೆಯಿಂದ ಖಾನಾಪುರಕ್ಕೆ ಓಡಿದೆ. ಹುಲ್ಲಿನ ಜೊತೆ ತಂತಿ ನುಂಗಿದ್ದಾಳೆ, ಅದು ಹೃದಯಕ್ಕೆ ಚುಚ್ಚಿದರೆ ಉಳಿಯುವುದಿಲ್ಲ ಎಂದ ಪಶುವೈದ್ಯರು ಅವಳಿಗೆ ಬೆರಳುದ್ದದ ಮ್ಯಾಗ್ನೆಟ್ ನುಂಗಿಸಿದರು. ಹೊಟ್ಟೆಯೊಳಗೆ ತಂತಿ ಅದಕ್ಕೆ ಅಂಟಿ ಕುಳಿತರೆ ಬಚಾವು.

"ತಾಮ್ರದ ತಂತಿ ಇದ್ರ? ಅಲ್ಯೂಮಿನಿಯಂ ಇದ್ರ? ಅಂಟಂಗಿಲ್ರಿ ವೈನಿ!"

ಗೋದಲಿಯಲ್ಲಿ ಕೈಯಾಡಿಸಿ ಉಳಿದಿದ್ದ ತಂತಿಯ ತುಂಡೊಂದನ್ನು ಹುಡುಕಿ ತೆಗೆದ. ಮ್ಯಾಗ್ನೆಟ್ ಹಿಡಿದ. ಟಕ್!

"ಕಬ್ಬಿಣ! ದೇವ್ರು ಅದಾನ್ರಿ ವೈನಿ!"

ದೇವರಿಲ್ಲ ಎಂದು ನಮ್ಮ ಅತ್ತೆಯೊಡನೆ ಜೀವಮಾನವಿಡೀ ಜಗಳವಾಡಿದ ಆಸಾಮಿ!

ಮ್ಯಾಗ್ನೆಟ್ ಒಳಗೇ ಇದೆಯೇ ಎಂದು ನೋಡಲು ದಿಕ್ಸೂಚಿ ತಂದು ಮೈನಾಳ ಹೊಟ್ಟೆಯ ಬಳಿ ಹಿಡಿದ. ಮುಳ್ಳು ಉತ್ತರ ಬಿಟ್ಟು ಆಕಳ ಕಡೆ ತಿರುಗಿತು. ಬೇಲಿಯಾಚೆಯ ಬಾಜೂಮನೆ ಕಾಕೂ ಕೈಮುಗಿದಳು.

"ಮಾಸ್ತರ್ರ, ನಮ್ಮ ಎಮ್ಮಿ ಗ್ರಹಚಾರಾನೂ ಚೂರು ನೋಡ್ರಿ!"

"ಇದು ಜ್ಯೋತಿಷ್ಯ ಅಲ್ಲ ಕಾಕೂ, ಸೈನ್ಸ್!"

"ಯಾವುದರೇ ಇರ್ಲಿ, ನೋಡ್ರಿ."

ಸಂಜೆಯೊಳಗೆ ಅಂಗಳದಲ್ಲಿ ಎರಡು ಎಮ್ಮೆ, ಒಂದು ಆಡು, ಹೆಣ್ಣು ಯಾವ ದಿಕ್ಕಿನಿಂದ ಬರುತ್ತಾಳೆ ಎಂದು ಕೇಳಲು ಬಂದ ಒಬ್ಬ ಗಂಡು! ಕ್ಯೂ ಎಂದರೆ ಕ್ಯೂ!

ಮೈದುನ ಎಲ್ಲರನ್ನೂ ಬೈದು ಅಟ್ಟಿ ಮತ್ತೆ ಮೈನಾಳ ಎದುರು ಕುಳಿತ. ಮ್ಯಾಗ್ನೆಟ್ ಎಲ್ಲಿದೆಯೆಂದು ಮುಳ್ಳು ಹೇಳೀತು. ಮೈನಾ ಉಳಿಯುತ್ತಾಳೋ ಇಲ್ಲವೋ ಹೇಳೀತೇ? ಮರುದಿನ ಮುಂಜಾನೆಯೂ ಅಲ್ಲೇ ಇದ್ದ. ಚಹಾ ಕೊಟ್ಟರೆ ಮುಟ್ಟಲಿಲ್ಲ. ಒಂದು ಹಿಡಿ ಹಸಿ ಹುಲ್ಲು ಅವಳ ಬಾಯಿಯ ಬಳಿ ಹಿಡಿದಿದ್ದ. ಮೈನಾ ಮೂಸಿದಳು. ಮುಖ ತಿರುಗಿಸಿದಳು. ಮತ್ತೆ ಮೂಸಿ, ನಿಧಾನಕ್ಕೆ ಒಂದು ತುತ್ತು ಎಳೆದುಕೊಂಡಳು.

"ವೈನಿ, ಅಳಬ್ಯಾಡ್ರಿ," ಎಂದ.

ನಾನೆಲ್ಲಿ ಅಳುತ್ತಿದ್ದೆ? ತೋಯ್ದದ್ದು ಅವನ ಗಲ್ಲ.