ಹದಿನಾಲ್ಕು ಸಾವಿರ ಇಮೇಲ್‌ಗಳ ಮಹಜರು

ಶುಂಠಿ ಹಿತರಕ್ಷಣಾ ನಿಗಮದ ಪಿರಿಯಾಪಟ್ಟಣ ಶಾಖೆಯ ಹದಿನಾಲ್ಕು ಸಾವಿರದ ಇನ್ನೂರಾರು ಇಮೇಲ್‌ಗಳು ಮಾರ್ಚ್ ಮೂವತ್ತೊಂದರೊಳಗೆ ಹಳೆಯ ಸರ್ವರ್ ಖಾಲಿ ಮಾಡಿ ಹೊಸ ಸರ್ವರ್‌ಗೆ ತೆರಳತಕ್ಕದ್ದೆಂದು ಕೇಂದ್ರ ಕಚೇರಿ ಸುತ್ತೋಲೆ ಹೊರಡಿಸಿತು.

ಕೆಲಸ ಹೇಮಶ್ರೀಯ ತಲೆಗೆ ಬಂತು. ಒಂಬತ್ತು ವರ್ಷದಿಂದ ಗುತ್ತಿಗೆ ಮೇಲೆ ಕಂಪ್ಯೂಟರ್ ಮುಂದೆ ಕೂತವಳು ಅವಳು. "ಇದೊಂದು ಮುಗ್ಸಮ್ಮ, ನಿನ್ನ ಖಾಯಂ ಮಾಡೋ ವಿಷ್ಯ ನೋಡಣ," ಎಂದರು ವ್ಯವಸ್ಥಾಪಕ ನಂಜುಂಡಸ್ವಾಮಿ. ಹೇಮಶ್ರೀಗೆ ಖುಷಿಯಾಯಿತು.

"ಒಂದ್ ಬಟನ್ ಒತ್ತಿದ್ರೆ ಸಾಕು ಸರ್, ನಾಳೆ ಮಧ್ಯಾಹ್ನಕ್ಕೆ ಎಲ್ಲಾ ಅಲ್ಲಿರ್ತವೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹಿರಿಯ ಗುಮಾಸ್ತ ಕಂಠಪ್ಪ ಹಿಂದೆ ಭೂಮಾಪನದಲ್ಲಿ ಇದ್ದವರು. "ಮಹಜರಿಲ್ದೆ ಒಂದ್ ಬೇಲಿಗೂಟ ಕೀಳಕಾಗಲ್ಲ, ಇವ್ಳು ಹದ್ನಾಕ್ ಸಾವ್ರ ಪತ್ರ ಕೀಳ್ತಾಳಂತೆ!" ಎಂದು ಎದ್ದೇಬಿಟ್ಟರು.

ಮಹಜರು ನಡೆಯಿತು. ಚೆಕ್ಕುಬಂದಿ: ಪೂರ್ವಕ್ಕೆ ಬಂದ ಪತ್ರ, ಪಶ್ಚಿಮಕ್ಕೆ ಹೋದ ಪತ್ರ, ಉತ್ತರಕ್ಕೆ ಕಸದ ಬುಟ್ಟಿ, ದಕ್ಷಿಣಕ್ಕೆ ಸ್ಪ್ಯಾಮ್, ಅಂದರೆ ಯಾರೂ ಕರೆಯದೆ ಬಂದು ಕೂತ ಪತ್ರಗಳು. ಪಂಚನಾಗಿ ಸಾಕ್ಷಿ ಹಾಕಲು ಬಂದ ಚಾ ಅಂಗಡಿ ಸಣ್ಣಯ್ಯ ಸಹಿಗೆ ಮುಂಚೆ ಕೇಳಿದ:

"ಇದೆಷ್ಟ್ ಎಕ್ರೆ ಆಯ್ತದೆ ಸ್ವಾಮಿ?"

"ಹದ್ನೈದು ಜೀಬಿ," ಎಂದಳು ಹೇಮಶ್ರೀ.

"ನೀರಾವರಿನಾ, ಖುಷ್ಕಿನಾ?"

ಕಂಠಪ್ಪ ಯೋಚಿಸಿ 'ಖುಷ್ಕಿ' ಎಂದು ಬರೆದರು.

ಹೇಮಶ್ರೀ ಸ್ಪ್ಯಾಮ್ ಅಳಿಸಲು ಹೊರಟಳು. ಕಂಠಪ್ಪ ಕೈ ಅಡ್ಡ ಹಿಡಿದರು. "ಅನುಭೋಗದಲ್ಲಿ ಇರೋರ್ನ ಅಂಗೆಲ್ಲಾ ಎಬ್ಬಿಸಕಾದದಾ?" ಮರುದಿನ ಸಮಿತಿ ರಚನೆಯಾಯಿತು, ಫಲಕದಲ್ಲಿ ಪ್ರಕಟಣೆ ಬಿತ್ತು: 'ಐದು ವರ್ಷ ಮೀರಿ ಸ್ವಾಧೀನದಲ್ಲಿರುವ ಅನಪೇಕ್ಷಿತ ಪತ್ರಗಳನ್ನು ಸಕ್ರಮಗೊಳಿಸಿ ಖಾಯಂ ಹಕ್ಕು ನೀಡಲಾಗುವುದು. ಆಕ್ಷೇಪಣೆಗೆ ಏಳು ದಿನ.'

ಕೋಟಿ ಹಂಚಿಕೊಳ್ಳಲು ಬಂದಿದ್ದ ಪರದೇಶದ ರಾಜಕುಮಾರ ಖಾಯಂ ಆದ. ಮೂವತ್ತು ದಿನದಲ್ಲಿ ಕೂದಲು ಬರಿಸುವ ಎಣ್ಣೆಯೂ ಖಾಯಂ ಆಯಿತು. ಅದರ ವಿಳಾಸವನ್ನು ನಂಜುಂಡಸ್ವಾಮಿ ಬೇರೆ ಚೀಟಿಯಲ್ಲಿ ಬರೆದುಕೊಂಡರು. ಹೇಮಶ್ರೀಗೆ ಹೊಟ್ಟೆ ಉರಿದುಹೋಯಿತು.

"ಸರ್, ನಾನೂ ಒಂಬತ್ತು ವರ್ಷದಿಂದ ಇಲ್ಲೇ ಕೂತಿದೀನಲ್ಲ?"

"ನೀನು ಮನುಷ್ಯಳು ಕಣವ್ವ," ಎಂದರು ಕಂಠಪ್ಪ ಮರುಕದಿಂದ. "ನಿಯಮದಲ್ಲಿ ಪತ್ರ ಅಂತ್ಲೇ ಅದೆ."

ಮೂವತ್ತನೇ ತಾರೀಕು, ಸ್ಪ್ಯಾಮ್ ಪಟ್ಟಿಯ ಕೊನೆಯಲ್ಲಿ ಒಂದು ಪತ್ರ ಸಿಕ್ಕಿತು. 'ನನ್ನ ಸೇವೆ ಖಾಯಂಗೊಳಿಸುವ ಬಗ್ಗೆ, ಇಂತಿ ಹೇಮಶ್ರೀ.' ಕಳಿಸಿ ಏಳು ವರ್ಷ, ಯಾರೂ ತೆರೆದಿರಲಿಲ್ಲ. ನಂಜುಂಡಸ್ವಾಮಿ ಓದಿ ಕಣ್ಣೊರೆಸಿಕೊಂಡರು. ಹೇಮಶ್ರೀ ಪೆನ್ನು ಮುಂದೆ ಹಿಡಿದಳು. ಅಲ್ಲೇ ಆದೇಶವಾಯಿತು:

'ಸದರಿ ಅರ್ಜಿಯು ಅರ್ಹವಾಗಿದ್ದು, ಅರ್ಜಿಯನ್ನು ಖಾಯಂಗೊಳಿಸಿದೆ. ವಿಲೇವಾರಿ ಮಾಡಿದರೆ ಒಕ್ಕಲೆಬ್ಬಿಸಿದಂತಾಗುವುದರಿಂದ, ಇನ್ನು ಮುಂದೆ ಇದನ್ನು ಯಾರೂ ವಿಲೇವಾರಿ ಮಾಡತಕ್ಕದ್ದಲ್ಲ.'

ಎಲ್ಲರೂ ಚಪ್ಪಾಳೆ ತಟ್ಟಿದರು. ಹೇಮಶ್ರೀ ಬಟನ್ ಒತ್ತಿದಳು; ಮರುದಿನ ಮಧ್ಯಾಹ್ನಕ್ಕೆ ಹದಿನಾಲ್ಕು ಸಾವಿರವೂ ಹೊಸ ಸರ್ವರ್ ಸೇರಿದವು. ಅವಳ ಗುತ್ತಿಗೆ ಇನ್ನೂ ಹನ್ನೊಂದು ತಿಂಗಳಿಗೆ ಮುಂದುವರಿಯಿತು. ಕಚೇರಿಗೆಲ್ಲ ಮೈಸೂರ್ ಪಾಕ್ ಹಂಚಿ, ರಾವಂದೂರಿನಲ್ಲಿದ್ದ ತಾಯಿ ಸರ್ವಮಂಗಳಮ್ಮನಿಗೆ ಫೋನ್ ಮಾಡಿದಳು.

"ಅಮ್ಮ, ನನ್ನ ಅರ್ಜಿ ಖಾಯಂ ಆಯ್ತು."

"ನೀನು?"

"ನಾನಲ್ಲ, ಅರ್ಜಿ."

"ಓಗ್ಲಿ ಬುಡು," ಎಂದರು ತಾಯಿ. "ನಮ್ಮನೇಲಿ ಒಂದಾದ್ರೂ ಸರ್ಕಾರಿ ಆಯ್ತಲ್ಲ."