ಗಂಟೆಗೆ ಎಂಬತ್ತು ಕಿಲೋಕ್ಯಾಲೊರಿಯ ನೆಂಟರು

ನಮ್ಮ ಸೋದರಮಾವನಿಗೆ ಮನುಷ್ಯರು ಕಾಣಿಸುವುದಿಲ್ಲ. ಕಣ್ಣೇನೋ ಚೆನ್ನಾಗಿಯೇ ಇದೆ. ಗುಬ್ಬಿ ಸ್ಟೇಷನ್ನಿನಲ್ಲಿ ನಿಂತರೆ ನಿಟ್ಟೂರಿನ ಕಡೆಯಿಂದ ಬರುವ ರೈಲನ್ನು ನಮ್ಮೆಲ್ಲರಿಗಿಂತ ಮೊದಲು ನೋಡುತ್ತಾರೆ. ಆದರೆ ಎದುರಿಗೆ ಒಬ್ಬ ಮನುಷ್ಯ ಬಂದು ಕೂತರೆ ಅವರಿಗೆ ಕಾಣುವುದು ಒಂದು ಸಣ್ಣ ಬಾಯ್ಲರು!

ನಂಬುವುದಿಲ್ಲವೇ? ನನ್ನನ್ನು ನೋಡಲು ಒಂದು ಗಂಡು ಬಂದಿತ್ತು. ಮಿಕ್ಕವರೆಲ್ಲ ಕೆಲಸ, ಗೋತ್ರ, ನಕ್ಷತ್ರ ಅಂತ ವಿಚಾರಿಸುತ್ತಿದ್ದಾಗ ಮಾವ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಅಮ್ಮನ ಕಿವಿಯಲ್ಲಿ "ತೊಂಬತ್ತು" ಅಂದರು. ಅಮ್ಮ ಅದನ್ನು ಸಂಬಳವೆಂದುಕೊಂಡು ಹುಡುಗನ ತಟ್ಟೆಗೆ ಇನ್ನೊಂದು ಸೌಟು ಕೇಸರಿಬಾತು ಹಾಕಿದಳು. ಅವರು ಹೋದಮೇಲೆ ಅರ್ಥ ತಿಳಿಯಿತು. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಗಂಟೆಗೆ ಸುಮಾರು ಎಂಬತ್ತು ಕಿಲೋಕ್ಯಾಲೊರಿ ಶಾಖ ಹೊರಬೀಳುತ್ತದಂತೆ. ಹುಡುಗ ಸ್ವಲ್ಪ ದಪ್ಪ, ಅದಕ್ಕೆ ಹತ್ತು ಜಾಸ್ತಿ! ಆ ಸಂಬಂಧ ಅಲ್ಲಿಗೇ ತಣ್ಣಗಾಯಿತು.

ತಪ್ಪು ಅವರದಲ್ಲ, ಕೆಲಸದ್ದು. ತುಮಕೂರಿನ ಸತ್ಯಮಂಗಲದಲ್ಲಿ ನೀರು ಕಾಯಿಸುವ ಬಾಯ್ಲರು ಮಾಡುವ ಒಂದು ಚಿಕ್ಕ ಕಾರ್ಖಾನೆಯಲ್ಲಿ, ಯಾರಿಗೆ ಎಷ್ಟು ದೊಡ್ಡ ಬಾಯ್ಲರು ಬೇಕು ಅಂತ ಲೆಕ್ಕ ಹಾಕಿಕೊಡುವವರು ಅವರು. ಗಿರಾಕಿಗಳು ಕಿಲೋವ್ಯಾಟ್‌ನಲ್ಲಿ ಕೇಳುತ್ತಾರೆ, ಇವರು ಗಂಟೆಗಿಷ್ಟು ಕಿಲೋಕ್ಯಾಲೊರಿ ಅಂತಲೇ ಉತ್ತರಿಸುತ್ತಾರೆ. ನಾನೋ ಕಾನೂನು ಓದುವವಳು, ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯನ್ನು ಅಳಿಸಿದವಳು. ಬಿಡುತ್ತೇನೆಯೇ?

"ಮಾವ, ಪ್ರಪಂಚವೆಲ್ಲ ವ್ಯಾಟ್‌ಗೆ ಬಂದಾಯ್ತು. ನಿಮ್ಮ ಅಂಕಿಯನ್ನ ಎಂಟುನೂರ ಅರವತ್ತರಿಂದ ಭಾಗಿಸಿದರೆ ಕಿಲೋವ್ಯಾಟ್. ಅಷ್ಟಕ್ಕೆ ಯಾಕೆ ಹಟ?"

"ವ್ಯಾಟ್ ಅಂದ್ರೆ ನಂಗೆ ಮೀಟ್ರು ಕಾಣ್ತದೆ ಕಣೇ. ಕಿಲೋಕ್ಯಾಲೊರಿ ಅಂದ್ರೆ ನೀರು ಕಾಣ್ತದೆ. ಒಂದು ಲೀಟರ್ ನೀರು, ಒಂದು ಡಿಗ್ರಿ. ಕೈ ಇಟ್ರೆ ಗೊತ್ತಾಯ್ತದೆ."

"ಇದು ವಾದವಲ್ಲ, ಭಾವನೆ. ಮೊದಲನೆಯದಾಗಿ..."

"ನೋಡು, ಸುಮ್ನಿದ್ದಾಗ ಎಪ್ಪತ್ತು ಇದ್ದೆ. ವಾದ ಶುರು ಮಾಡ್ದೇಟ್ಗೆ ನೂರಿಪ್ಪತ್ತು. ಎಲ್ಲಾ ವೇಸ್ಟು ಹೀಟು!"

ಇಷ್ಟು ನಿಖರವಾದ ಮನುಷ್ಯ ಲೆಕ್ಕ ತಪ್ಪುವುದೇ ಇಲ್ಲ ಅಂದುಕೊಂಡರೆ ನೀವು ಕುಣಿಗಲ್ಲಿನಲ್ಲಾದ ನಮ್ಮ ನೆಂಟರ ಹುಡುಗಿಯ ಮದುವೆಗೆ ಬಂದಿಲ್ಲ. ಛತ್ರದಲ್ಲಿ ಬೀಗರ ಸ್ನಾನದ ಉಸ್ತುವಾರಿ ಮಾವನದು. ನಲ್ಲಿಯಿಂದ ನೀರು ಸೆಕೆಂಡಿಗಿಷ್ಟು ಬೀಳುತ್ತದೆ ಅಂತ ಲೆಕ್ಕ ಶುರು ಮಾಡಿದವರು ಸೆಕೆಂಡಿಗೆ ಹತ್ತು ಸಾವಿರ ಕ್ಯಾಲೊರಿ ಬೇಕೆಂದು ಕಂಡುಹಿಡಿದರು. ಬಾಡಿಗೆ ಬಾಯ್ಲರಿನ ಮೇಲೆ 'ಗಂಟೆಗೆ ಹತ್ತು ಸಾವಿರ ಕಿಲೋಕ್ಯಾಲೊರಿ' ಅಂತ ಬರೆದಿತ್ತು. ಹತ್ತು ಸಾವಿರಕ್ಕೆ ಹತ್ತು ಸಾವಿರ, ಸರಿಹೋಯ್ತಲ್ಲ! ಸರಿಹೋಗಲಿಲ್ಲ. ಸೆಕೆಂಡಿನ ಕ್ಯಾಲೊರಿಯನ್ನು ಗಂಟೆಯ ಕಿಲೋಕ್ಯಾಲೊರಿ ಮಾಡಲು ಗಂಟೆಯ ಮೂರು ಸಾವಿರದ ಆರುನೂರು ಸೆಕೆಂಡಿನಿಂದ ಗುಣಿಸಿ ಸಾವಿರದಿಂದ ಭಾಗಿಸಬೇಕು, ಅಂದರೆ ಮೂರು ಪಾಯಿಂಟ್ ಆರು ಪಟ್ಟು. ಗಡಿಬಿಡಿಯಲ್ಲಿ ಅದು ಮರೆತೇಹೋಗಿತ್ತು. ಮೂವತ್ತಾರು ಸಾವಿರ ಬೇಕಾದ ಕಡೆ ಹತ್ತು ಸಾವಿರ! ಬೆಳಗಿನ ಚಳಿಯಲ್ಲಿ ಬೀಗರು ಟವೆಲ್ ಸುತ್ತಿಕೊಂಡು ಹಲ್ಲು ಕಟಕಟಿಸುತ್ತ ಹೊರಗೆ ಬಂದರು.

"ಏನ್ರೀ ಇದು, ನೀರು ಕೊರೀತದೆ!"

ಮಾವ ಬಕೆಟ್ಟಿಗೆ ಕೈ ಅದ್ದಿ ಗಂಭೀರವಾಗಿ ಹೇಳಿದರು: "ನೀರು ಸರಿಯಾಗೇ ಅದೆ. ನೀವೇ ಸ್ವಲ್ಪ ಬಿಸಿ ಆಗಿದೀರ."

ಈ ಮದುವೆ ಆದ ಸ್ವಲ್ಪ ದಿನಕ್ಕೇ ಅತ್ತೆ ಬಿದ್ದರು. ಅತ್ತೆ ಅಂದರೆ ಮಾವನ ಹೆಂಡತಿ. ಗುಬ್ಬಿಯ ಮನೆಯ ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು, ಬ್ಲೌಸಿಗೊಂದು ಬೈಗುಳ ಉಚಿತವಾಗಿ ಕೊಡುತ್ತಿದ್ದ ಹೆಂಗಸು. ಬಸ್ಸಿಳಿಯುವಾಗ ಕಾಲು ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮೂಳೆ ಕೂಡಿತು, ಎದ್ದು ನಡೆಯಲೇಬೇಕು ಅಂತ ಡಾಕ್ಟರು ಹೇಳಿದರು. ಅತ್ತೆ ಏಳಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದರು. "ಯಾರೂ ನನ್ನ ನೋಡಕ್ಕೆ ಬರಕೂಡ್ದು. ಅಯ್ಯೋ ಪಾಪ ಅನ್ನಿಸ್ಕೊಳ್ಳೋಕೆ ನಂಗಾಗಲ್ಲ" ಅಂದದ್ದೇ ಕೊನೆಯ ದೊಡ್ಡ ಮಾತು. ಆಮೇಲೆ ಬರೀ "ಚಳಿ". ಹೀಗೇ ಮಲಗಿದ್ದರೆ ಇನ್ನು ನಡೆಯುವುದೇ ಇಲ್ಲ ಅಂತ ಡಾಕ್ಟರು ಮಾವನಿಗೆ ಬೇರೆಯಾಗಿ ಹೇಳಿದ್ದರು.

ಅಮ್ಮ ನನ್ನ ಕೈಯಲ್ಲಿ ರೂಮ್ ಹೀಟರ್ ಕಳಿಸಿದಳು. ಮಾವ ಅದರ ಬೆನ್ನು ತಿರುಗಿಸಿ ಓದಿದರು. "ಎರಡು ಕಿಲೋವ್ಯಾಟು. ಅಂದ್ರೆ ಗಂಟೆಗೆ ಸಾವಿರದ ಏಳ್ನೂರಿಪ್ಪತ್ತು. ಜಾಸ್ತಿ ಆಯ್ತು. ಈ ರೂಮಿಗೆ ಬೇಕಾಗಿರೋದು ನಾನೂರು." ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಹಾಕಿದರು. ನಾನು ಕಂಜೂಸ್ ಅಂದೆ, ಕ್ರೂರಿ ಅಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋದರು.

ವಾಪಸ್ ಬಂದಾಗ ಹಿಂದೆ ಐದು ಜನ! ಎದುರುಮನೆ ಟೀಚರಮ್ಮ, ಹೂ ಮಾರುವ ಅಕ್ಕ, ಹೊಟ್ಟೆಯೊಂದಕ್ಕೇ ನಲವತ್ತು ಕೊಡಬಹುದಾದ ನಿವೃತ್ತ ಕಂಡಕ್ಟರು, ಇನ್ನಿಬ್ಬರು ಅಕ್ಕಪಕ್ಕದವರು.

ಅತ್ತೆ ಗೋಡೆಯ ಕಡೆಯಿಂದಲೇ ಗುಡುಗಿದರು: "ಯಾರೂ ಬರಬಾರ್ದು ಅಂದಿದ್ನಲ್ಲ!"

"ಇವ್ರು ನಿನ್ನ ನೋಡಕ್ಕೆ ಬಂದಿಲ್ಲ ಕಣೇ. ಐದೆಂಬತ್ಲಿ ನಾನೂರು. ಹೀಟಿಂಗ್ ಅರೇಂಜ್ಮೆಂಟು. ನೀನು ಮಲ್ಕೋ."

ಅವತ್ತಿನಿಂದ ಸಂಜೆಯಾದರೆ ಅದೇ ಕೆಲಸ. ಕಂಡಕ್ಟರು ಬರದ ದಿನ ಅವರ ಬದಲು ಇಬ್ಬರು ಸಣಕಲರು. ನಾನೂರು ತುಂಬಲೇಬೇಕು. ಬಂದವರು ಅತ್ತೆಯನ್ನು ಹೇಗಿದ್ದೀರಿ ಅಂತ ಕೇಳುವಂತಿಲ್ಲ. ಹೀಟರು ಎಲ್ಲಾದರೂ ಕುಶಲ ವಿಚಾರಿಸುತ್ತದೆಯೇ? ತಮ್ಮ ಪಾಡಿಗೆ ತಾವು ಊರಿನ ಸುದ್ದಿ ಮಾತಾಡಬೇಕು, ಅಷ್ಟೆ. ಒಂದು ಸಂಜೆ ಟೀಚರಮ್ಮ ಹೊಸ ಬ್ಲೌಸಿನಲ್ಲಿ ಬಂದು, ತೋಳು ಎತ್ತೋಕೇ ಆಗ್ತಿಲ್ಲ ಅಂತ ಹೂವಿನ ಅಕ್ಕನ ಹತ್ತಿರ ಗೊಣಗಿದರು. ಗೋಡೆಗೆ ತಿರುಗಿದ್ದ ತಲೆ ಇತ್ತ ಹೊರಳಿತು.

"ಯಾವಳೇ ಅದನ್ನ ಹೊಲಿದಿದ್ದು? ಬಾ ಇಲ್ಲಿ. ಥೂ, ಕಂಕುಳ ಹತ್ರ ಬಟ್ಟೇನೇ ಬಿಟ್ಟಿಲ್ಲ! ಕತ್ರಿ ಎಲ್ಲಿ? ಬುಡು, ನಿಂಗೆ ಸಿಗಲ್ಲ, ನಾನೇ ತಗೋತೀನಿ."

ಎದ್ದರು. ಮಂಚ ಹಿಡಿದು, ಗೋಡೆ ಹಿಡಿದು, ಬೈಯುತ್ತಾ, ಜಗಲಿಯಿಂದ ಒಳಗೆ ತಂದು ಮೂಲೆಗಿಟ್ಟಿದ್ದ ಮಿಷನ್‌ವರೆಗೆ ನಡೆದರು. ಹೀಟರುಗಳು ಉಸಿರು ಬಿಗಿಹಿಡಿದು ಕೂತಿದ್ದವು.

ನಾನು ಮಾತ್ರ ಸೋಲೊಪ್ಪಲು ತಯಾರಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ಒಂದು ಭಯಂಕರ ಸಾಕ್ಷ್ಯ ನನ್ನ ಕಣ್ಣಿಗೆ ಬಿದ್ದಿತ್ತು. ಮಾವನನ್ನು ಜಗಲಿಗೆ ಎಳೆದುಕೊಂಡು ಬಂದೆ.

"ಮಾವ, ನಿಮ್ಮ ಕೇಸು ಬಿದ್ದುಹೋಯ್ತು. ಬೀದಿ ಕಡೆ ಕಿಟಕಿ ಪೂರ್ತಿ ತೆಗೆದಿದೆ! ಮೊದಲ ದಿನದಿಂದಲೂ ತೆಗೆದೇ ಇದೆ. ನಿಮ್ಮ ನಾನೂರೂ ಆಚೆ ಹೋಗ್ತಿದೆ. ರೂಮು ಒಂದು ಡಿಗ್ರೀನೂ ಬಿಸಿ ಆಗಿಲ್ಲ."

"ಗೊತ್ತು" ಅಂದರು ಮಾವ, ಮೆಲ್ಲಗೆ. "ಕಿಟಕಿ ಮುಚ್ಚಿದ್ರೆ ಒಳಗಡೆ ನಗೋದು ಬೀದೀಗೆ ಕೇಳಲ್ಲ ಕಣೇ. ಕೇಳ್ದಿದ್ರೆ ನಾಳೆ ಯಾರು ಬಂದಾರು? ನಾನು ದಿನಾ ಎಷ್ಟು ಜನನ್ನ ಕರ್ಕೊಂಡು ಬರ್ಲಿ?" ಆಮೇಲೆ ನನ್ನ ಕೈ ಹಿಡಿದುಕೊಂಡರು. "ಅವಳಿಗೆ ಮಾತ್ರ ಹೇಳ್ಬೇಡ. ಲೆಕ್ಕ ನಂಬ್ಕೊಂಡವ್ಳೆ."

ಗಾಳಿಗೆ ಮುಚ್ಚಿಕೊಳ್ಳದಂತೆ ಕಿಟಕಿಯ ಕೊಕ್ಕೆಯನ್ನು ನಾನೇ ಸಿಕ್ಕಿಸಿದೆ.

ಒಳಗಿನಿಂದ ಮಿಷನ್ನಿನ ಸದ್ದು ನಿಂತಿತು. ತೆರೆದ ಕಿಟಕಿಯಲ್ಲಿ ಅತ್ತೆಯ ದನಿ ಬಂತು:

"ಏನ್ರೀ, ಕಂಡಕ್ಟ್ರು ಎದ್ದು ಹೊಂಟ್ರು, ನೂರಿಪ್ಪತ್ತು ಕಮ್ಮಿ ಬಿತ್ತು. ಆ ಲಾಯರಮ್ಮನ್ನ ಒಳಗೆ ಕಳಿಸಿ. ವಾದ ಮಾಡ್ತಾ ಕೂತ್ರೆ ಸರಿಹೋಯ್ತದೆ. ಕಿಟಕಿ ಮಾತ್ರ ಹಂಗೇ ಇರ್ಲಿ!"