ಅಂಟು ಒಣಗುವವರೆಗೆ ಕುಂದರ್ರಿ

ನಮ್ಮ ಕಾಕಾ ಯಾರನ್ನಾದರೂ "ಕುಂದರ್ರಿ, ಕುಂದರ್ರಿ, ಎಲ್ಲಿಗೆ ಅವಸರ?" ಎಂದು ಒತ್ತಾಯ ಮಾಡಿದರೆ ಅದು ಪ್ರೀತಿಯಿಂದ ಎಂದು ತಿಳಿಯಬೇಡಿ. ನಿಮ್ಮ ಕೆಳಗಿರುವ ಬೆಂಚಿಗೆ ಅವನು ಆಗಷ್ಟೇ ಅಂಟು ಹಚ್ಚಿರುತ್ತಾನೆ. ಅದು ಹಿಡಿದುಕೊಳ್ಳುವವರೆಗೆ ಮೇಲೊಂದು ಭಾರ ಬೇಕು. ಆ ಭಾರ ನೀವು!

ಬಡಿಗರಾದರೆ ಕಬ್ಬಿಣದ ಹಿಡಿಕೆ ಹಾಕಿ ಬಿಗಿಯುತ್ತಾರೆ. ಕಾಕಾನ ಬಳಿ ಅದಿಲ್ಲ. ಅವನ ಬಳಿ ಜೋಳದ ಚೀಲವಿದೆ, ಸೈಕಲ್ಲಿನ ಹಳೆಯ ಟ್ಯೂಬುಗಳಿವೆ, ಉಳಿದಂತೆ ಬೈಲಹೊಂಗಲದ ಅರ್ಧ ಊರಿದೆ. ಮೈಕೈ ತುಂಬಿಕೊಂಡವರಿಗೆ ಅವನ ಮನೆಯಲ್ಲಿ ಎಂದೂ ಚಹಾ ತಪ್ಪಿಲ್ಲ. ನಾನೋ ಒಣಕಲು ಆಸಾಮಿ. ಬಾಗಿಲಲ್ಲಿ ಕಂಡರೆ ಮೇಲಿನಿಂದ ಕೆಳಗೆ ನೋಡಿ, "ನೀ ಬಂದಿ ಏನಪಾ? ನಿಂದೇನೂ ಉಪಯೋಗಿಲ್ಲ, ಒಳಗ ಹೋಗು" ಎನ್ನುತ್ತಾನೆ.

ಹಾಗೆ ನೋಡಿದರೆ ಕಾಕಾ ಬಡಿಗನೇ ಅಲ್ಲ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತನಾದವನು. ಎತ್ತಿನ ಕಾಲಿಗೆ, ಎಮ್ಮೆಯ ಕೋಡಿಗೆ ಪಟ್ಟಿ ಕಟ್ಟುತ್ತಲೇ ಆಯುಷ್ಯ ಕಳೆದ. ನಿವೃತ್ತಿಯಾದ ಮರುದಿನದಿಂದ ದನಗಳು ಬಚಾವಾದವು, ಕುರ್ಚಿಗಳು ಸಿಕ್ಕಿಬಿದ್ದವು. ಅವನಿಗೇನು, ನಾಲ್ಕು ಕಾಲಿದ್ದರೆ ಸಾಕಲ್ಲ!

ಅಂಟು ಹಚ್ಚುವುದು ಅವನಿಗೆ ದೊಡ್ಡ ಕೆಲಸವಲ್ಲ, ಯಾವ ಅಂಟೆಂದು ಆರಿಸುವುದು ದೊಡ್ಡದು. ಹೆಣ್ಣು ಕೊಡುವವರು ವರನ ಬಗ್ಗೆ ಕೂಡ ಅಷ್ಟು ವಿಚಾರಿಸಲಿಕ್ಕಿಲ್ಲ. ಪಕ್ಕದ ಮನೆಯ ಮಾಸ್ತರರು ಒಮ್ಮೆ ಕಾಲು ಮುರಿದ ಸ್ಟೂಲು ಹಿಡಿದುಕೊಂಡು ಬಂದರು.

"ಇದು ಮನಿಯೊಳಗ ಇರೂದೋ, ಹೊರಗ ಇರೂದೋ?" ಕಾಕಾ ಕೇಳಿದ.

"ಒಳಗರೀ."

"ನೀರ ಬೀಳತೈತೇನು?"

"ಇಲ್ಲರೀ."

"ಮ್ಯಾಲೆ ಯಾರ ಕುಂದರತಾರ?"

"ನಾನರೀ."

"ಸುಮ್ಮ ಕುಂದರತೀರೋ, ಕುಂತಲ್ಲೇ ಅಲುಗಾಡತೀರೋ?"

ಮಾಸ್ತರರು ಸ್ವಲ್ಪ ಯೋಚಿಸಿ, ತಾವು ಟಿವಿಯಲ್ಲಿ ಕ್ರಿಕೆಟ್ ನೋಡುವಾಗ ಮಾತ್ರ ಅಲುಗಾಡುವುದಾಗಿ ಒಪ್ಪಿಕೊಂಡರು. ಕಾಕಾ ಗಂಭೀರವಾಗಿ ತಲೆಯಾಡಿಸಿದ. "ಹಂಗಾರ ಬಿಳಿ ಅಂಟು ಸಾಕಾಗೂದಿಲ್ಲ. ಇಲ್ಲಾಂದ್ರ ನೀವು ಕ್ರಿಕೆಟ್ ಬಿಡಬೇಕು."

ಅಂಟು ಕೊಳ್ಳಲು ಅವನು ಬಸ್ಸು ಹತ್ತಿ ಸವದತ್ತಿಗೆ ಹೋಗುತ್ತಾನೆ. ನಮ್ಮೂರಲ್ಲಿ ಅಂಟಿಲ್ಲವೇ? ಬೇಕಾದಷ್ಟಿದೆ. ಆದರೆ ನಮ್ಮೂರ ಅಂಗಡಿಯವರು ಅವನ ಚೀಲ ತಿರುವಿನಲ್ಲಿ ಕಂಡರೆ ಸಾಕು, ಊಟಕ್ಕೆಂದು ಬಾಗಿಲು ಎಳೆದುಕೊಳ್ಳುತ್ತಾರೆ, ಬೆಳಿಗ್ಗೆ ಒಂಬತ್ತಾಗಿದ್ದರೂ ಸರಿ! ಸವದತ್ತಿ ಪೇಟೆಯ ಅಂಗಡಿಯ ಸಾಹೇಬರೊಬ್ಬರಿಗೆ ಮಾತ್ರ ಇನ್ನೂ ತಾಳ್ಮೆಯಿತ್ತು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ.

"ಸಾಗವಾನಿ ಕಟಗಿಗೆ ಅಂಟು ಕೊಡ್ರಿ" ಎಂದ ಕಾಕಾ.

"ಬಿಳೀದು ಒಯ್ರಿ ಕಾಂಪೌಂಡರ್ ಸಾಹೇಬ್ರ. ಎಲ್ಲಾರೂ ಅದನ್ನ ಒಯ್ತಾರ."

"ಎಲ್ಲಾರಿಗೂ ಒಂದ ಗುಳಿಗಿ ಕೊಟ್ರ ನಡೀತೈತೇನ್ರಿ? ಸಾಗವಾನಿಯೊಳಗ ಎಣ್ಣಿ ಇರತೈತಿ. ನಿಮ್ಮ ಅಂಟು ಆ ಎಣ್ಣಿಗೆ ಒಗ್ಗತೈತೋ ಇಲ್ಲೋ?"

"ಹಂಗಾರ ಎರಡು ಟ್ಯೂಬಿಂದು ತಗೋರಿ. ಅದನ್ನೂ ಇದನ್ನೂ ಕಲಸಿ ಹಚ್ಚೂದು. ಕಬ್ಬಿಣ ಸುದ್ದಾ ಹಿಡಿತೈತಿ."

"ನಾ ಏನ್ ರೈಲು ಮಾಡಾಕ ಹತ್ತೇನೇನ್ರಿ? ದೇವರನ್ನ ಕೂಡಸೂ ಮಣಿ ಮಾಡಾಕತ್ತೇನಿ!"

ಸಾಹೇಬರು ಗೋಡೆಯ ಗಡಿಯಾರ ನೋಡಿದರು, ನನ್ನನ್ನು ನೋಡಿದರು. "ನಮಾಜಿಗೆ ಹೋಗಿ ಬರತೇನಿ. ನೀವು ಸಮಾಧಾನಲೆ ಆರಿಸ್ರಿ" ಎಂದು ಹೇಳಿ ಹೊರಟರು. ತಿರುಗಿ ಬಂದಾಗ ಕಾಕಾ ಗಲ್ಲಾಪೆಟ್ಟಿಗೆಯ ಹಿಂದೆ ಅವರದೇ ಕುರ್ಚಿಯಲ್ಲಿ ಕುಳಿತಿದ್ದ. ಅಂಟು ಕೇಳಲು ಬಂದ ಗಿರಾಕಿಯೊಬ್ಬನಿಗೆ, "ನಿನ್ನ ಬಾಗಲಾ ಗೆದ್ದಲ ತಿಂದೈತಿ. ಅದಕ್ಕ ಅಂಟು ಯಾಕ, ಎರಡು ಕಡ್ಡಿ ಊದಿನಕಡ್ಡಿ ಹಚ್ಚು" ಎಂದು ಹೇಳಿ ಕಳಿಸುತ್ತಿದ್ದ. ಆ ತಿಂಗಳಿನಿಂದ ಸಾಹೇಬರ ಊಟದ ಹೊತ್ತೂ ಬೆಳಿಗ್ಗೆ ಒಂಬತ್ತಕ್ಕೇ ಆಯಿತು.

ಅಂಗಡಿಯ ಅಂಟುಗಳ ಮೇಲೆ ನಂಬಿಕೆ ಹೋದ ಮೇಲೆ ಕಾಕಾ ಹಿಂದಿನ ಕಾಲದ ಸರೇಸೆಂಬ ಅಂಟಿನ ಬೆನ್ನು ಹತ್ತಿದ. ಯಾರೋ ಹಾರ್ಮೋನಿಯಂ ರಿಪೇರಿಯವರು ಕೊಟ್ಟರಂತೆ, ಬೆಲ್ಲದ ಚೂರಿನಂಥ ಕಂದು ತುಂಡುಗಳು. ಅವನ್ನು ನೀರಲ್ಲಿ ನೆನೆಹಾಕಿ, ಹದವಾಗಿ ಬಿಸಿ ಮಾಡಬೇಕು. ಎಲ್ಲಿ? ಕಾಕುವಿನ ಅಡುಗೆಮನೆಯಲ್ಲಿ! ಯಾವುದರಲ್ಲಿ? ಹಾಲು ಕಾಸುವ ಬೋಗಾಣಿಯಲ್ಲಿ! ಯಾವತ್ತು? ಶ್ರಾವಣ ಸೋಮವಾರ!

ಕಾಕಾನ ಹೆಂಡತಿ ಕಾಕು ಎಂದರೆ ಸೋಮವಾರ ಉಳ್ಳಾಗಡ್ಡಿಯ ನೆರಳನ್ನೂ ದಾಟದವಳು. ಗುಡಿಯಿಂದ ಬಂದವಳು ಹೊಸ್ತಿಲಲ್ಲೇ ಮೂಗಿಗೆ ಸೆರಗು ಒತ್ತಿಕೊಂಡಳು.

"ಏನ್ರೀ ಇದು ನಾತಾ?"

"ಸರೇಸು."

"ಅದನ್ನ ಎದರಲೆ ಮಾಡತಾರ?"

ಕಾಕಾನಿಗೆ ಸುಳ್ಳು ಹೇಳಲು ಬರುವುದಿಲ್ಲ, ಪೂರ್ತಿ ನಿಜ ಹೇಳುವ ಧೈರ್ಯವೂ ಆಗಲಿಲ್ಲ. ಬೋಗಾಣಿಯನ್ನು ಮೆಲ್ಲಗೆ ತಿರುವುತ್ತ, "ನಮ್ಮ ಪೇಶಂಟಗೋಳಲೆ" ಎಂದ.

ಬೋಗಾಣಿ ಹಿತ್ತಲಿಗೆ ಹಾರಿತು. ಅಡುಗೆಮನೆ ಮೂರು ಸಲ ತೊಳೆಸಿಕೊಂಡಿತು. ಓಣಿಯ ನಾಯಿಗಳು ಮಾತ್ರ ಕಾಕಾನ ಮೇಲಿನ ಗೌರವದಿಂದ ಬಹಳ ದಿನ ಹಿತ್ತಲು ಬಿಟ್ಟು ಕದಲಲಿಲ್ಲ.

ಇಂಥ ಮನೆಗೆ ಮಗಳು ಸುಮಾಳನ್ನು ನೋಡಲು ಮುನವಳ್ಳಿಯಿಂದ ಜನ ಬಂದರು. ವರನ ತಂದೆ ಒಳಗೆ ಕಾಲಿಟ್ಟರು ನೋಡಿ, ಬಾಗಿಲೇ ತುಂಬಿಹೋಯಿತು. ಅಂಥ ಗಾತ್ರ! ಕಾಕಾನ ಮುಖದಲ್ಲಿ ಬೆಳಕು ಮೂಡಿತು. ಏಕೆಂದರೆ ಗೋಡೆ ಪಕ್ಕದ ಉದ್ದನೆಯ ಬೆಂಚಿಗೆ ಅವನು ಅಂದು ಬೆಳಿಗ್ಗೆಯೇ ಅಂಟು ಹಚ್ಚಿದ್ದ.

"ಬರ್ರಿ ಬೀಗರ, ಹಿಂಗ ಬರ್ರಿ, ನಟ್ಟನಡುವ ಕುಂದರ್ರಿ!"

ಕುಳಿತರು. ಅವಲಕ್ಕಿ ಬಂತು, ಚಹಾ ಬಂತು. ಬೀಗರು ಕೈ ತೊಳೆಯಲು ಏಳಬೇಕೆಂದರೆ ಕಾಕಾ ತಂಬಿಗೆ, ತಾಟು ಅಲ್ಲಿಗೇ ತಂದ. ಎಲೆ ಅಡಿಕೆ ಉಗುಳಲು ಏಳಬೇಕೆಂದರೆ ಪೀಕದಾನಿ ಹಿಡಿದು ನಿಂತ. ಬೀಗರ ಕಣ್ಣು ತುಂಬಿ ಬಂತು. "ಇಂಥಾ ಆದರಾ ನಾವು ಎಲ್ಲೂ ಕಂಡಿಲ್ಲರೀ. ನನಗ ಎದ್ದ ನಿಂದ್ರಾಕ ಸುದ್ದಾ ಬಿಡವಲ್ರಿ! ಈ ಸಂಬಂಧ ನಮಗ ಪಸಂದ ಐತಿ" ಎಂದು ಅಲ್ಲೇ ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೀಗರು ಕೈಮುಗಿಯಲು ಎದ್ದರು. ಧೋತರ ಏಳಲಿಲ್ಲ.

ಹಲಗೆಗಳ ಸಂದಿಯಿಂದ ಉಕ್ಕಿದ ಅಂಟು ಧೋತರವನ್ನು ಹಿಡಿದುಕೊಂಡುಬಿಟ್ಟಿತ್ತು. ಕಾಕಾ ಎಳ್ಳಷ್ಟೂ ಗಾಬರಿಯಾಗದೆ ಒದ್ದೆ ಬಟ್ಟೆ ತಂದು ಮೆತ್ತಗೆ ಒರೆಸಿ ಬಿಡಿಸಿದ. "ಚಲೋ ಆತು, ಬಿಳಿ ಅಂಟ ಹಚ್ಚಿದ್ದೆ. ಎರಡು ಟ್ಯೂಬಿಂದು ಹಚ್ಚಿದ್ನೆಂದ್ರ ನೀವು ಮುನವಳ್ಳಿಗೆ ಬೆಂಚ ಸಮೇತ ಹೋಗಬೇಕಾಗಿತ್ತರಿ" ಎಂದ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗೆಯಲ್ಲೇ ಮದುವೆ ನಿಶ್ಚಯವಾಯಿತು, ಮುಂದಿನ ಬೇಸಿಗೆಯಲ್ಲಿ ಆಗಿಯೂ ಹೋಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ನನಗೂ ಹಗುರ. ಆದರೆ ಕಳೆದ ಮಾಘದಲ್ಲಿ ಸುಮಾ ಒಂದೇ ಚೀಲ ಹಿಡಿದು ತವರಿಗೆ ಬಂದಳು. ಗಂಡ ಕೈ ಮಾಡುತ್ತಿದ್ದನಂತೆ, ಮದುವೆಯಾದ ಹೊಸತರಿಂದಲೇ. ಇನ್ನು ಹೋಗುವುದಿಲ್ಲ ಎಂದು ತಾಯಿಯ ಮಡಿಲಲ್ಲಿ ತಲೆಯಿಟ್ಟು ಹೇಳಿ, ಆ ರಾತ್ರಿ ಅವಳ ಪಕ್ಕದಲ್ಲೇ ಮಲಗಿದಳು.

ಮರುದಿನ ಮಧ್ಯಾಹ್ನ ಪಡಸಾಲೆ ತುಂಬ ಹಿರಿಯರು. ಮುನವಳ್ಳಿಯ ಬೀಗರು ತಲೆ ತಗ್ಗಿಸಿ ಮೂಲೆಯಲ್ಲಿ ಕುಳಿತಿದ್ದರು. ರಾಮದುರ್ಗದಿಂದ ಬಂದ ನಮ್ಮ ದೊಡ್ಡಪ್ಪನೇ ಮಾತು ತೆಗೆದ. ಸಂಸಾರವೆಂದರೆ ಇವೆಲ್ಲ ಇರುತ್ತವೆ, ಹೆಣ್ಣಾದವಳು ಸೈರಿಸಿಕೊಳ್ಳಬೇಕು, ನಾಲ್ಕು ಜನ ಏನಂದಾರು, ಹೀಗೆ ಬಹಳ ಹೇಳಿದ. ಕಾಕಾ ಬಾಯಿ ಬಿಡದಿದ್ದುದು ನೋಡಿ ಕೊನೆಗೆ ಜಾಣತನದಿಂದ ಅವನದೇ ಮರ್ಮಕ್ಕೆ ಕೈ ಹಾಕಿದ.

"ತಮ್ಮಾ, ಮುರದಿದ್ದನ್ನೆಲ್ಲಾ ಕೂಡಸಾಂವ ನೀನು. ಮಗಳ ಸಂಸಾರ ಕೂಡಸಾಕ ನಿನ್ನ ಕೈಲೆ ಆಗೂದಿಲ್ಲೇನು?"

ಈಗ ಕಾಕಾ ಹಸಿ ಮರ, ಒಣ ಮರ ಎಂದು ಶುರು ಮಾಡುತ್ತಾನೆ ಎಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡಿರಬೇಕು, ಒಬ್ಬಿಬ್ಬರ ತುಟಿಯಲ್ಲಿ ನಗೆಯೂ ಸುಳಿಯಿತು. ಕಾಕಾ ಅಣ್ಣನ ಮುಖವನ್ನೇ ನೋಡಿದ.

"ಅಣ್ಣಾ, ಅದು ಕಟಗಿ. ಇಕಿ ನನ್ನ ಮಗಳು."

ಆಮೇಲೆ ಹಿರಿಯರ ಕಡೆ ತಿರುಗಿ, "ಇಕಿ ಹೋಗೂದಿಲ್ಲ. ಎಲ್ಲಾರೂ ಉಂಡ ಹೋಗ್ರಿ" ಎಂದ. ಉಣ್ಣಲು ಯಾರೂ ನಿಲ್ಲಲಿಲ್ಲ. ಬೀಗರು ಮಾತ್ರ ಹೊಸ್ತಿಲಲ್ಲಿ ತಿರುಗಿ ನಿಂತು ಸುಮಾಳಿಗೆ ಕೈಮುಗಿದು ಹೋದರು.

ಎಲ್ಲರೂ ಹೋದ ಮೇಲೆ ಸುಮಾ ಕಣ್ಣೊರೆಸಿಕೊಂಡು, "ಅಪ್ಪಾ, ನಾ ಎಲ್ಲಿ ಇರ್ಲಿ? ನನ್ನ ಖೋಲಿಯೊಳಗ ನಿನ್ನ ಕಟಗಿ ತುಂಬ್ಯಾವಲ್ಲ?" ಎಂದಳು. ಅವಳ ಮದುವೆಯಾದಂದಿನಿಂದ ಕಾಕಾ ಅಲ್ಲೇ ಹಲಗೆ, ಡಬ್ಬಿಗಳ ರಾಶಿ ಹಾಕಿದ್ದು ನನಗೂ ಗೊತ್ತಿತ್ತು.

ಕಾಕಾ ಎದ್ದು ಖೋಲಿಯ ಬಾಗಿಲು ದೂಡಿದ. ಒಳಗೆ ಒಂದು ಕಡ್ಡಿ ಕಟ್ಟಿಗೆಯೂ ಇರಲಿಲ್ಲ. ಗೋಡೆಗೆ ಸುಣ್ಣ ಬಳಿದಿತ್ತು. ಕಿಟಕಿ ಪಕ್ಕ ಮಂಚ, ಅದರ ಮೇಲೆ ಮಡಿಕೆ ಬಿಚ್ಚದ ಹೊಸ ಕೌದಿ.

"ಇದೆಲ್ಲಾ ಯಾವಾಗ ಮಾಡಿದಿ?" ಸುಮಾ ಕೇಳಿದಳು.

"ದೀಪಾವಳಿಗೆ ಬಂದ ಹ್ವಾದೆಲಾ, ಅದರ ಮರದಿನ."

"ಅವಾಗ ನಾ ಏನೂ ಹೇಳಿರಲಿಲ್ಲಲ್ಲಪ್ಪಾ?"

"ಎಡಗೈಲೆ ನನಗ ರೊಟ್ಟಿ ನೀಡಿದಿ ಅವತ್ತ. ಬಲಗೈ ಎತ್ತಾಕ ಬರತಿರಲಿಲ್ಲ ನಿನಗ." ಕಾಕಾ ಕೌದಿಯ ಮಡಿಕೆ ಬಿಚ್ಚಿ ಮಂಚದ ಮೇಲೆ ಹಾಸತೊಡಗಿದ. ಸುಕ್ಕುಗಳನ್ನು ಅಂಗೈಯಿಂದ ಮತ್ತೆ ಮತ್ತೆ ಸವರಿದ, ನಮ್ಮ ಕಡೆ ತಿರುಗಲಿಲ್ಲ. "ಅವತ್ತ ಕೇಳಬೇಕಿತ್ತು ನಾನು. ಕೇಳಲಿಲ್ಲ. ಖೋಲಿ ಅಷ್ಟ ಖಾಲಿ ಮಾಡಿದೆ. ಮಕ್ಕೋ ಯವ್ವಾ."